ನನ್ನ ಹಳೇ ಕಾರಿಗೆ ಒಕ್ಕಲು ಬಂದ ಹೊಸ ಬ್ರೇಕಿನವರಿಗೆ

ಶ್ರೀ ವೀತರಾಗಾಯ ನಮಃ

ಚನ್ನರಾಯಪಟ್ಟಣ,
1940ನೆಯ ಇಸವಿ, ಡಿಸೆಂಬರ್ ತಿಂಗಳು

ಮಾನ್ಯರೇ,

ಚನ್ನರಾಯಪಟ್ಟಣದ ಪೇಟೆ ಬೀದಿಯಲ್ಲಿ ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿ ಇಟ್ಟುಕೊಂಡಿರುವ, ಇಬ್ಬರೇ ಕೂರಬಲ್ಲ ಒಂದು ಹಳೆಯ ರೇಸ್ ಕಾರಿನ ಮಾಲೀಕನಾದ ಜಿನದಾಸನು, ಅದೇ ಕಾರಿನ ನಾಲ್ಕು ಚಕ್ರಗಳಲ್ಲಿ ಇತ್ತೀಚೆಗೆ ಬಿಡಾರ ಹೂಡಿರುವ ಹೊಸ ಬ್ರೇಕಿನವರಾದ ತಮ್ಮ ಸನ್ನಿಧಿಗೆ ಬಹಳ ಭಯಭಕ್ತಿಯಿಂದ ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮವಾಗಿದ್ದೇವೆ. ತಮ್ಮ ದೆಸೆಯಿಂದ ನನ್ನ ಹಣೆಯ ಮೇಲೆ ಎದ್ದಿದ್ದ ಬುಗುಟು ಕೂಡ ಇಳಿಯುತ್ತಾ ಬಂದಿದೆ. ಅತ್ತ ತಮ್ಮ ರಬ್ಬರು, ಸ್ಪ್ರಿಂಗು, ಕೊಳವೆ ಮೊದಲಾದ ಸಮಸ್ತ ಪರಿವಾರದ ಕ್ಷೇಮವನ್ನು ಕಾಗದ ಬರೆದು ತಿಳಿಸಬೇಕಾಗಿಲ್ಲ, ಏಕೆಂದರೆ ದಿನಾ ಬೆಳಿಗ್ಗೆ ಕಾರಿನ ಕೆಳಗೆ ಅಂಗಾತ ಮಲಗಿ ಅದನ್ನು ನಾನೇ ವಿಚಾರಿಸಿಕೊಳ್ಳುತ್ತಿದ್ದೇನೆ.

ಈ ಅಹವಾಲನ್ನು ಲಕೋಟೆಯಲ್ಲಿಟ್ಟು ಕಳಿಸುವುದೇ ಮರ್ಯಾದೆಯಾಗಿತ್ತು. ಆದರೆ 'ಮುಂದಿನ ಎಡ ಚಕ್ರದ ಒಳಗೆ' ಎಂಬ ವಿಳಾಸ ನೋಡಿದರೆ ನಮ್ಮ ಟಪಾಲಿನವರು ನನ್ನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಊರಿಗೆಲ್ಲ ಹಂಚುವ ಭಯವಿರುವುದರಿಂದ, ಹಾಸನದಿಂದ ಹೊರಡುವ ಈ ವಾರಪತ್ರಿಕೆಯ ಸಂಪಾದಕರ ಕೈಕಾಲು ಹಿಡಿದು ಬಹಿರಂಗವಾಗಿಯೇ ಪ್ರಕಟಿಸುತ್ತಿದ್ದೇನೆ. ತಪ್ಪು ತಿಳಿಯಬಾರದಾಗಿ ಪ್ರಾರ್ಥನೆ.

ಮೊದಲು ತಮ್ಮ ಹಿಂದಿನವರ ವಿಷಯ ಎರಡು ಮಾತು ಹೇಳದಿದ್ದರೆ ನನ್ನ ನಾಲಿಗೆಗೆ ನೆಮ್ಮದಿಯಿಲ್ಲ. ಸಕಲೇಶಪುರದ ಕಡೆಯ ಒಬ್ಬ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿಹೋದ ಈ ಕಾರಿಗೆ ಮೂತಿ ಉದ್ದ, ತಲೆಯ ಮೇಲೆ ಸೂರಿಲ್ಲ, ಬಾಗಿಲು ಒಂದೇ ಕಡೆ. ಓಡುವುದಕ್ಕೆಂದೇ ಹುಟ್ಟಿದ ಈ ಗಾಡಿಗೆ ನಿಲ್ಲುವ ವಿದ್ಯೆಯನ್ನು ಯಾರೂ ಮನಸ್ಸಿಟ್ಟು ಕಲಿಸಿರಲಿಲ್ಲ. ಹಳೆಯ ಬ್ರೇಕಿನವರು ಹಿಂದಿನ ಎರಡು ಚಕ್ರಗಳಲ್ಲಿ ಮಾತ್ರ ಇದ್ದರು. ಕಾಲಿನಿಂದ ಒತ್ತಿದರೆ ಒಂದು ಉಕ್ಕಿನ ಹಗ್ಗ ಕಿರ್ರೆಂದು ಎಳೆದುಕೊಳ್ಳುತ್ತಿತ್ತು. ಅವರು ಕಾರನ್ನು ನಿಲ್ಲಿಸುತ್ತಿದ್ದರು ಎಂದರೆ ಸುಳ್ಳಾದೀತು. ನಿಂತರೆ ಒಳ್ಳೆಯದಿತ್ತು ಎಂಬ ತಮ್ಮ ಅಭಿಪ್ರಾಯವನ್ನು ಕಾರಿಗೆ ತಿಳಿಸುತ್ತಿದ್ದರು, ಅಷ್ಟೆ. ಒತ್ತಾಯವೆಂಬುದು ಅವರ ಸ್ವಭಾವದಲ್ಲೇ ಇರಲಿಲ್ಲ.

ಆದರೂ ನಮ್ಮ ಸಂಸಾರ ನಡೆಯುತ್ತಿತ್ತು. ಅಂಗಡಿಯ ಮುಂದೆ ನಿಲ್ಲಬೇಕಾದರೆ ಗೋಡೆಗೆ ಒರಗಿಸಿದ್ದ ಹೊಟ್ಟಿನ ಮೂಟೆಗಳಿಗೆ ಕಾರಿನ ಮೂತಿಯನ್ನು ಮೆತ್ತಗೆ ಒಪ್ಪಿಸುತ್ತಿದ್ದೆ. ಅರಕಲಗೂಡಿನಲ್ಲಿ ಇಳಿಯಬೇಕಾದರೆ ಊರು ಕಾಣುವ ಮೊದಲೇ ಇಂಜಿನ್ ಆರಿಸಿಬಿಡುತ್ತಿದ್ದೆ. ವಾರವಾರವೂ ಪಾತ್ರೆಗಳ ಆರ್ಡರು ಹಿಡಿಯಲು ಹೋಗುವ ಕೊಣನೂರಿನ ಸಂತೆ ಮಾಳದಲ್ಲಿ ಒಂದು ಹುಣಸೆ ಮರವಿದೆ. ಕಾರಿಗೆ ಆಯಾಸವಾಗುವ ತನಕ ಅದನ್ನು ಸುತ್ತುತ್ತಿದ್ದೆ. ಪಾತ್ರೆ ಅಂಗಡಿಯ ಸಾಹುಕಾರರು ತಪ್ಪದೆ ಪ್ರದಕ್ಷಿಣೆ ಹಾಕುವುದನ್ನು ನೋಡಿ, ಆ ಮರದಲ್ಲಿ ಏನೋ ಮಹಿಮೆ ಇರಬೇಕೆಂದು ಸಂತೆಗೆ ಬಂದ ಹೆಂಗಸರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾರೆ. ಈಗ ನಾನು ಸುತ್ತುವುದನ್ನು ಬಿಟ್ಟಿದ್ದರೂ ಪೂಜೆ ನಡೆಯುತ್ತಲೇ ಇದೆ.

ಇನ್ನು ಹೊಳೆನರಸೀಪುರದ ವಿಷಯ. ತಮ್ಮ ಮೇಲಿನ ನನ್ನ ದೂರೆಲ್ಲ ಇರುವುದು ಅಲ್ಲೇ.

ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನಲ್ಲಿ ಮಾಸ್ತರಾಗಿರುವ ಅಭಯಕುಮಾರಯ್ಯನವರು ನನ್ನ ಭಾವ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಪದ್ಮಾವತಮ್ಮ ಅಕ್ಕನ ಯಜಮಾನರು. ಅಷ್ಟುದ್ದದ ರೈಲನ್ನು ಮೊಳದಷ್ಟು ಬಟ್ಟೆ ತೋರಿಸಿ ಹೇಳಿದ ಜಾಗದಲ್ಲಿ ನಿಲ್ಲಿಸುವ ಮನುಷ್ಯನಿಗೆ ನಿಲ್ಲದ ಗಾಡಿಯನ್ನು ಕಂಡರೆ ಎಷ್ಟು ಅಸಹ್ಯವಿರಬೇಕು ಎಂಬುದನ್ನು ತಾವು ಊಹಿಸಬಲ್ಲಿರಿ. ಕಾರು ಕೊಂಡ ಹೊಸದರಲ್ಲಿ, ಅಕ್ಕನಿಗೆ ತೋರಿಸೋಣವೆಂದು ಹುರುಪಿನಿಂದ ಹೋದವನು ನೇರ ಅವರ ಜಗಲಿ ಹತ್ತಿಸಿ, ಕೆತ್ತನೆಯ ಕಂಬವೊಂದನ್ನು ಮುರಿದು, ಭಾವನವರ ಆರಾಮ ಕುರ್ಚಿಯ ಪಕ್ಕದಲ್ಲಿ ನಿಂತೆ. ಭಾವನವರು ಪತ್ರಿಕೆಯ ಹಾಳೆಯನ್ನೂ ಮಡಚದೆ ಹೇಳಿದರು: "ನಿಲ್ಲೋಕೆ ಬರದೆ ಇರೋ ಗಾಡಿ ನನ್ನ ಬಾಗಿಲಿಗೆ ಬರಕೂಡದು. ಬ್ರೇಕು ಹಾಕಿಸ್ಕೊಂಡು ಬರಲಿ, ಆಮೇಲೆ ಮಾತು." ಬೀದಿಯವರೆಲ್ಲ ಸೇರಿದ್ದರು. ನನಗೂ ಆಗ ಬಿಸಿ ರಕ್ತ. "ಹಾಗಾದ್ರೆ ನಾನೂ ಈ ಬಾಗಿಲಲ್ಲಿ ಇಳಿಯೋಲ್ಲ ಭಾವ" ಎಂದುಬಿಟ್ಟೆ. ಮುರಿದ ಕಂಬದ ಜಾಗಕ್ಕೆ ಅವರು ಒಂದು ಬೋಳು ಸರ್ವೆ ಕಂಬ ನಿಲ್ಲಿಸಿದರು, ಅದನ್ನು ಕೆತ್ತಿಸುವ ಗೋಜಿಗೆ ಹೋಗಲಿಲ್ಲ. ಅದು ನಾನು ನೋಡಲೆಂದೇ ನಿಂತ ಕಂಬ.

ನನ್ನ ಅಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡಳು, ಯಾರಿಗೂ ಎದುರಾಡಲಿಲ್ಲ. ಜೈನರಾದ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವ ಪದ್ಧತಿಯಿಲ್ಲ. ಸಂತೆ ಮುಗಿಸಿ ನಾನು ಅವರ ಊರಿಗೆ ಬರುವಾಗ ಸಂಜೆ ಕೆಂಪಾಗಿರುತ್ತದೆ, ಮನೆ ಮುಟ್ಟುವಷ್ಟರಲ್ಲಿ ಕತ್ತಲು. ತಮ್ಮ ಹಸಿದುಕೊಂಡು ಮಲಗುತ್ತಾನೆ ಎಂಬುದು ಅವಳ ಚಿಂತೆ. ನಿಲ್ಲದೆ ಹೋಗುವ ರೈಲಿನ ಡ್ರೈವರು, ಚರ್ಮದ ಚೀಲ ಕಟ್ಟಿದ ದೊಡ್ಡ ಬೆತ್ತದ ಬಳೆಯೊಳಗೆ ತೋಳು ತೂರಿಸಿ, ಮುಂದಿನ ದಾರಿ ಖಾಲಿಯೆಂದು ಸ್ಟೇಷನ್ನಿನವರು ಕೊಡುವ ಟೋಕನ್ ತೆಗೆದುಕೊಳ್ಳುವುದನ್ನು ಅವಳು ದಿನಾ ಕಂಡವಳು. ಮುಂದಿನ ಸಂತೆಯ ದಿನ ರಸ್ತೆಯಂಚಿನಲ್ಲಿ ಅಂಥದೇ ಬಳೆಯನ್ನು ಎತ್ತಿ ಹಿಡಿದು ನಿಂತಿದ್ದಳು. ಬಳೆಗೆ ಬಟ್ಟೆಯ ಚೀಲ, ಚೀಲದಲ್ಲಿ ಬುತ್ತಿ. ನಾನು ತೋಳು ತೂರಿಸಿದೆ, ಬುತ್ತಿ ನನ್ನದಾಯಿತು, ಕಾರು ಮುಂದೆ ಹೋಯಿತು. ಬಳೆಯನ್ನು ಹೆಣೆದವನು ಊರಿನ ಮೇದರವನು. ಅಷ್ಟು ಕರಾರುವಾಕ್ಕಾದ ಅಳತೆಯನ್ನು ಅವನಿಗೆ ಹೇಳಿದವರು ಯಾರೆಂದು ಅಕ್ಕ ಯಾವತ್ತೂ ಬಾಯಿ ಬಿಟ್ಟಿಲ್ಲ.

ಹೀಗೆ ವರ್ಷಗಟ್ಟಲೆ ನಡೆಯಿತು. ಖಾಲಿ ಬಳೆಯನ್ನು ಬೆಳಿಗ್ಗೆ ಸಂತೆಗೆ ಹೋಗುವಾಗ ಅವರ ಬೇಲಿಯ ಮೇಲೆ ಎಸೆಯುವುದು, ಸಂಜೆ ತುಂಬಿದ ಬಳೆ ಹಿಡಿಯುವುದು. ಊರಾಚೆಯ ಏರಿನಲ್ಲಿ ಕಾರು ಏದುಸಿರು ಬಿಡುತ್ತಾ ತಾನಾಗಿ ನಿಲ್ಲುತ್ತಿತ್ತು. ಮುಳುಗುವ ಹೊತ್ತನ್ನು ನೋಡುತ್ತಾ ಅಲ್ಲಿ ಕೂತು ಉಣ್ಣುತ್ತಿದ್ದೆ. ಮಾತುಕತೆಗೂ ಕೊರತೆಯಿರಲಿಲ್ಲ. ಈ ವಾರ ಅವಳು ಒಂದು ಪ್ರಶ್ನೆ ಕೂಗುವಳು, ಮುಂದಿನ ವಾರ ನಾನು ಉತ್ತರ ಕೂಗುವೆ. ನಮ್ಮ ಚಿಕ್ಕಪ್ಪನ ಮಗಳು ಚಕ್ರೇಶ್ವರಿ ಹೆತ್ತಾಗ "ಯಾವ ಮಗೂನೋ?" ಎಂದು ಅವಳು ಕೂಗಿದ್ದಳು, ವಾರ ಕಳೆದು ಅದು ಮರೆತುಹೋಗಿ, ಬುತ್ತಿಯ ಯೋಚನೆಯಲ್ಲಿದ್ದ ನಾನು "ಸ್ವಲ್ಪ ಉಪ್ಪು ಜಾಸ್ತಿ" ಎಂದು ಕೂಗಿ ಹೋದೆ. ಪಾಪ, ಮುಂದಿನ ಸಂತೆಯವರೆಗೆ ಅವಳು ಅದನ್ನೇ ಯೋಚಿಸುತ್ತಿದ್ದಳಂತೆ. ಇಷ್ಟು ಚಿಕ್ಕ ಮಾತಿನಲ್ಲಿ ನನ್ನ ಮದುವೆಯ ವಿಷಯ ಎತ್ತಲು ಯಾರಿಗೂ ಆಗುತ್ತಿರಲಿಲ್ಲ ಎಂಬುದು ಹಳೆಯ ಬ್ರೇಕಿನವರು ನನಗೆ ಮಾಡಿದ ಬೇರೊಂದು ಉಪಕಾರ.

ಈ ಸಲದ ಮಳೆಗಾಲದ ಕೊನೆಯಲ್ಲಿ ಒಂದು ದಿನ ಅಕ್ಕನ ಕೈ ಬೆತ್ತದ ಬಳೆಯಿಂದ ಬೇಗ ಬಿಡಿಸಿಕೊಳ್ಳಲಿಲ್ಲ. ಕಾರಿನ ರಭಸಕ್ಕೆ ಅವಳನ್ನೂ ಎಳೆದುಕೊಂಡು ಹೋದಂತಾಗಿ ರಸ್ತೆಯಲ್ಲಿ ಮುಗ್ಗರಿಸಿದಳು, ಕೈಯ ಗಾಜಿನ ಬಳೆಗಳು ಚೂರಾದವು. ಹಿಂತಿರುಗಿ ನೋಡಿದೆ, ಎದ್ದು ಕೂತು, ಏನೂ ಆಗಿಲ್ಲ ಹೋಗು ಎಂದು ಕೈ ಬೀಸುತ್ತಿದ್ದಳು. ಕಾಲಿನಲ್ಲಿದ್ದ ಬಲವನ್ನೆಲ್ಲ ಹಾಕಿ ಒತ್ತಿದೆ, ಉಕ್ಕಿನ ಹಗ್ಗ ಕಿರ್ರೆಂದಿತು, ಕಾರು ಮಾತ್ರ ಹೋಗುತ್ತಲೇ ಇತ್ತು. ಆ ಬುತ್ತಿ ನನಗೆ ಸೇರಲಿಲ್ಲ. ಬಿದ್ದ ಅಕ್ಕನ ಹತ್ತಿರ ನಿಲ್ಲಲಾರದ ಈ ಗಾಡಿಯ ಮೇಲೆ ಜೀವಮಾನದಲ್ಲಿ ಮೊದಲ ಸಲ ನನಗೆ ಅಸಹ್ಯವಾಯಿತು. ಮುಂದಿನ ವಾರ ಬಳೆಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು, ಬಲಗೈ ಸೆರಗಿನೊಳಗಿತ್ತು. "ತಮ್ಮಯ್ಯ, ನನಗೂ ವಯಸ್ಸಾಯ್ತು ಕಣೋ" ಎಂದು ಕೂಗಿದಳು. ಅದು ಪ್ರಶ್ನೆಯಾಗಿರಲಿಲ್ಲ.

ಯುದ್ಧದಿಂದಾಗಿ ಉಕ್ಕಿನ ಹಗ್ಗ ಸಿಕ್ಕುತ್ತಿಲ್ಲ, ಅದಕ್ಕೇ ಬ್ರೇಕು ಬದಲಾಯಿಸುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿದವನು ನಾನು. ನಿಜವಾದ ಕಾರಣ ಮೇಲೆ ಬರೆದಿರುವುದು.

ಇಲ್ಲಿಂದ ತಮ್ಮ ದಿವ್ಯ ಚರಿತ್ರೆ ಆರಂಭವಾಗುತ್ತದೆ. ಅರಕಲಗೂಡಿನ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ತರಿಸಿದ್ದ ಹೊಚ್ಚ ಹೊಸ ಮಾದರಿಯ ದೊಡ್ಡ ಕಾರಿನಲ್ಲಿ ತಾವು ಸುಖವಾಗಿದ್ದಿರಿ. ನಾಲ್ಕು ಚಕ್ರಕ್ಕೂ ಬ್ರೇಕು. ಅದೂ ಹಗ್ಗದ್ದಲ್ಲ, ಕೊಳವೆಯಲ್ಲಿ ಎಣ್ಣೆ ಓಡಿ ಹಿಡಿಯುವಂಥದ್ದು. ಆ ಕಾರು ಒಂದು ಮಧ್ಯಾಹ್ನ ಆಲದ ಮರಕ್ಕೆ ಗುದ್ದಿ ಮೂತಿ ಮುದ್ದೆಯಾಯಿತು. ಸಾಹುಕಾರರು ಊಟ ಮಾಡಿ ಹೊರಟವರು ನಿದ್ದೆ ಹೋಗಿದ್ದರಂತೆ, ತಮ್ಮ ಮೇಲೆ ಅವರ ಪಾದ ಬಿದ್ದೇ ಇರಲಿಲ್ಲ. ತಾವು ಎಷ್ಟು ಹೊಸಬರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಬೇಕಿರಲಿಲ್ಲವಾಗಿ ಕೂಡಲೇ ಕೊಂಡು ತಂದೆ.

ತಮ್ಮನ್ನು ಕೂಡಿಸಲು ಹಾಸನದಿಂದ ಮೆಕ್ಯಾನಿಕ್ ಲಕ್ಕಯ್ಯ ಬಂದ. ತನಗೆ ತಿಳಿಯದ ಯಂತ್ರ ಇನ್ನೂ ಹುಟ್ಟಿಲ್ಲ ಎಂಬ ದೃಢವಾದ ನಂಬಿಕೆಯೊಂದಿಗೆ ಅವನು ನನ್ನ ಅಂಗಡಿಯ ಹಿತ್ತಲಲ್ಲಿ ಬಿಡಾರ ಹೂಡಿದ. ಹಳೆಯ ಕಾರಿಗೆ ಹೊಸ ಕಾರಿನ ಯಾವ ತೂತೂ ಕೂಡಲಿಲ್ಲ. ಕೂಡದ ಕಡೆ ಹೊಸ ತೂತು ಕೊರೆದ, ಕೂಡಿದ ಕಡೆ ಅನುಮಾನ ಬಂದು ಬಿಚ್ಚಿದ, ಕೊಳವೆ ಸಾಲದಿದ್ದಾಗ ನನ್ನ ಅಂಗಡಿಯ ತಾಮ್ರವನ್ನೇ ಸುತ್ತಿದ. ಮುಂದಿನ ಎರಡು ಚಕ್ರಗಳನ್ನೂ ತಮ್ಮ ಜೊತೆಯಲ್ಲೇ ತರಬೇಕಾಯಿತಾದ್ದರಿಂದ ನನ್ನ ಕಾರು ಈಗ ಮುಂದಿನಿಂದ ನೋಡಿದರೆ ಗಿರಣಿ ಸಾಹುಕಾರರದು, ಹಿಂದಿನಿಂದ ನೋಡಿದರೆ, ಹಳೆಯ ತಂತಿ ಚಕ್ರಗಳ ದೆಸೆಯಿಂದ, ಸೈಕಲ್ಲಿನ ಸಂಬಂಧಿಕರದು. ಕೊನೆಗೆ ಲಕ್ಕಯ್ಯ ಎದೆಯುಬ್ಬಿಸಿ, "ಒತ್ತಿ ಸಾ, ಎಂಗ್ ನಿಲ್ತದೆ ನೋಡಿ" ಎಂದು ಪಕ್ಕದಲ್ಲಿ ಕೂತ. ಪೇಟೆ ಬೀದಿಯ ನಡುವೆ ಒತ್ತಿದೆ. ಕಾರು ನಿಂತಿತು, ನಾವು ನಿಲ್ಲಲಿಲ್ಲ. ನನ್ನ ಹಣೆ ಗಾಜಿಗೆ ಬಡಿಯಿತು, ಲಕ್ಕಯ್ಯನ ರುಮಾಲು ಎದುರಿಗೆ ಬರುತ್ತಿದ್ದ ಎಮ್ಮೆಯ ಕೊಂಬಿನ ಮೇಲೆ ಹೋಗಿ ಕೂತಿತು. ಭಾರಿ ಕಾರೊಂದನ್ನು ಹಿಡಿಯಲು ಹುಟ್ಟಿದ ತಾವು ನನ್ನ ಈ ಬಡಕಲು ಗಾಡಿಯ ಮೇಲೆ ಅಷ್ಟೊಂದು ಆಸ್ಥೆ ತೋರಿಸಿದ್ದಕ್ಕೆ ಎಷ್ಟು ಹೊಗಳಿದರೂ ಕಡಿಮೆಯೇ.

ಮಾನ್ಯರೇ, ತಮ್ಮ ಕೀರ್ತಿ ಹಬ್ಬಿದ ಮೇಲೆ ನನ್ನ ಬದುಕು ಏನಾಯಿತು ಎಂಬುದನ್ನು ದಯವಿಟ್ಟು ಲಾಲಿಸಬೇಕು. ಇಷ್ಟು ವರ್ಷ ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ "ನಿಲ್ಲಲ್ಲ!" ಎಂಬ ಒಂದೇ ಮಾತು ಸಾಕಾಗಿತ್ತು, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಈಗ ಎಲ್ಲರಿಗೂ ಗೊತ್ತು. ಮೊನ್ನೆ ರುದ್ರಪಟ್ಟಣದ ಸಂಗೀತ ವಿದ್ವಾಂಸರೊಬ್ಬರು ತಂಬೂರಿ ಸಮೇತ ರಸ್ತೆಯ ಮಧ್ಯದಲ್ಲಿ ನಿಂತಿದ್ದರು. ನನ್ನದು ಬಿಟ್ಟರೆ ಇರುವುದು ಒಂದೇ ಸೀಟೆಂದು ವಿನಯದಿಂದ ತಿಳಿಸಿದೆ. ಅವರು ತಂಬೂರಿಯನ್ನು ಸೀಟಿನಲ್ಲಿ ಕೂರಿಸಿ, ತಾವು ಮಡ್ಗಾರ್ಡಿನ ಮೇಲೆ ಕೂತು, ಅರಕಲಗೂಡಿನವರೆಗೆ ಕಾರಿನ ಇಂಜಿನ್ನು ಶ್ರುತಿಗೆ ಸೇರುತ್ತಿಲ್ಲವೆಂದು ದೂರುತ್ತಾ ಬಂದರು. ಇದೆಲ್ಲ ಸಣ್ಣ ವಿಷಯ, ಸಹಿಸಬಲ್ಲೆ. ಸಹಿಸಲಾಗದ್ದು ಮುಂದಿನದು.

ತಾವು ಬಂದ ಮೇಲಿನ ಮೊದಲ ಸಂತೆಯ ದಿನ, ಸಂಜೆ, ಹೊಳೆನರಸೀಪುರಕ್ಕೆ ಬಂದೆ. ನಿಲ್ಲಬೇಕೆಂದೇ ಬಂದೆ, ಇದನ್ನು ತಾವು ನಂಬಬೇಕು. ಅಕ್ಕ ರಸ್ತೆಯಂಚಿನಲ್ಲಿದ್ದಳು. ಆದರೆ ಅವಳ ಕೈಯಲ್ಲಿ ಬೆತ್ತದ ಬಳೆಯಿರಲಿಲ್ಲ, ಬುತ್ತಿಯಿರಲಿಲ್ಲ. ಇನ್ನು ತಮ್ಮ ನಿಲ್ಲುತ್ತಾನೆ, ಒಳಗೆ ಬಂದು ಉಣ್ಣುತ್ತಾನೆ ಎಂದು ಎರಡು ಕೈಯನ್ನೂ ಖಾಲಿ ಬಿಟ್ಟುಕೊಂಡು ನಿಂತಿದ್ದಳು. ಅವಳ ಹಿಂದೆ, ಬೋಳು ಕಂಬದ ಪಕ್ಕ, ಆರಾಮ ಕುರ್ಚಿಯಲ್ಲಿ ಭಾವನವರು. ಹೇಳಿದ್ದೆನಲ್ಲ, ಕೊನೆಗೂ ಹಾಕಿಸಿಕೊಂಡು ಬಂದ ನೋಡು ಎಂಬ ಸಮಾಧಾನ ಅವರ ಮೀಸೆಯ ತುದಿಯವರೆಗೂ ಹರಡಿಕೊಂಡಿತ್ತು. ಆ ಮೀಸೆ ನೋಡಿದ್ದೇ ತಡ, ತಮ್ಮ ಮೇಲಿಡಲು ಎತ್ತಿದ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕಾರು ಎಂದಿನಂತೆ ಹೋಗಿಬಿಟ್ಟಿತು. ಊರಾಚೆಯ ಏರಿನಲ್ಲಿ ಕೂತೆ. ಹೊತ್ತು ಮುಳುಗಿತು, ಆ ದಿನ ಉಪವಾಸ. ಹಸಿವು ದೊಡ್ಡದಾಗಿರಲಿಲ್ಲ, ಖಾಲಿ ಕೈಯಲ್ಲಿ ನಿಂತಿದ್ದ ಅಕ್ಕ ಕಣ್ಣಿಂದ ಹೋಗಲಿಲ್ಲ. ಹಳೆಯ ಬ್ರೇಕಿನವರಿದ್ದಾಗ ಕಾರು ನಿಲ್ಲುತ್ತಿರಲಿಲ್ಲ. ತಾವು ಬಂದ ಮೇಲೆ ನಿಲ್ಲದವನು ನಾನು ಎಂದಾಯಿತು. ಇದೇ ನನ್ನ ದೂರು, ಮಾನ್ಯರೇ. ಉಳಿದದ್ದನ್ನೆಲ್ಲ ಬೇಕಾದರೆ ಹೊಡೆದು ಹಾಕಿ.

ಅಷ್ಟರಲ್ಲಿ ತಮ್ಮ ಗುಟ್ಟೊಂದು ನನ್ನ ತಾಯಿ ಮರುದೇವಮ್ಮನವರಿಗೆ ತಿಳಿಯಿತು. ಬಿಗಿ ನೋಡಿಕೊಂಡು ಹೋಗಲು ಮತ್ತೆ ಬಂದಿದ್ದ ಲಕ್ಕಯ್ಯ, ತಮ್ಮ ಕೊಳವೆಯೊಳಗಿನ ದ್ರವದ ವಿಷಯ ಅವರ ಮುಂದೆ ಜಂಭ ಕೊಚ್ಚಿದನಂತೆ: "ಸೀಮೆಯಿಂದ ಬರೋ ಬ್ರೇಕೆಣ್ಣೆ ಡಬ್ಬ ಈಗ ಎಲ್ಲೂ ಸಿಕ್ಕಲ್ಲ ಕಣವ್ವಾ. ನಾನೇ ಅರ್ಧ ಅಳ್ಳೆಣ್ಣೆ, ಅರ್ಧ ಸಾರಾಯಿ ಬೆರ್ಸಿವ್ನಿ." ಮದ್ಯ ಮುಟ್ಟಿದವರಿಲ್ಲದ ಮನೆತನದ ಕಾರು ದಿನಾ ಕುಡಿದು ಓಡಾಡುತ್ತಿದೆ ಎಂದು ಕೇಳಿ ನನ್ನ ತಾಯಿ ಗೋಡೆ ಹಿಡಿದು ಕೂತರಂತೆ. ಎದ್ದವರೇ ಲಕ್ಕಯ್ಯನನ್ನು ಎದುರಿಗೆ ನಿಲ್ಲಿಸಿಕೊಂಡು ಅಷ್ಟನ್ನೂ ತಿಪ್ಪೆಗೆ ಚೆಲ್ಲಿಸಿದರು. ಕುಡಿಯುವ ನೀರು ಸೋಸುವ ಬಟ್ಟೆಯಂಥದೇ ಹೊಸ ಬಟ್ಟೆಯಲ್ಲಿ ಅಪ್ಪಟ ಹರಳೆಣ್ಣೆ ಸೋಸಿ ಕೊಟ್ಟು, ಅದನ್ನೇ ತುಂಬಿಸಿದರು. ನಾನು ಆಗ ಅಂಗಡಿಯಲ್ಲಿದ್ದೆ, ನನಗೆ ಯಾರೂ ಹೇಳಲಿಲ್ಲ. "ಅವ್ವಾರು ಏಳುದ್ರು, ಮಾಡ್ದೆ ಸಾ. ಅವರ್ ಮುಂದೆ ಎದುರು ಮಾತಾಡಕ್ಕಾಯ್ತದಾ?" ಎಂದು ಲಕ್ಕಯ್ಯ ಆಮೇಲೆ ಕೈ ಮುಗಿದ. ಅದೂ ನಿಜವೇ.

ಹೀಗೆ ಶುದ್ಧೀಕರಣ ಹೊಂದಿ ವ್ರತಸ್ಥರಾದ ತಮ್ಮೊಂದಿಗೆ ನಾನು ಮುಂದಿನ ಸಂತೆಗೆ ಹೋದೆ. ಸಂಜೆ ಬರುವಾಗ ಮೈ ಕೊರೆಯುವ ಚಳಿ. ಭಾವನವರ ಮನೆ ಹತ್ತಿರವಾಗುತ್ತಿದ್ದಂತೆ ನಿಲ್ಲಲೋ ಬೇಡವೋ ಎಂಬ ಜಗಳ ನನ್ನೊಳಗೇ ಶುರುವಾಗಿ, ತೀರ್ಮಾನವಾಗುವ ಮೊದಲೇ ಒಂದು ಹುಲ್ಲಿನ ಗಾಡಿ ಅಡ್ಡ ಬಂತು. ಮೆಲ್ಲಗೆ ಒತ್ತಿದೆ. ಕಾರು ನಿಂತಿತು. ಹುಲ್ಲಿನ ಗಾಡಿ ದಾಟಿ ಹೋಯಿತು. ಕಾಲೆತ್ತಿದೆ, ತಾವು ಬಿಡಲಿಲ್ಲ. ಇಂಜಿನ್ ಮೊರೆಯಿತು, ಹೊಗೆಯಾಡಿತು, ಕಾರು ಮಾತ್ರ ಒಂದು ಗೇಣೂ ಅಲುಗಲಿಲ್ಲ. ನಿಂತಿದ್ದು ಎಲ್ಲಿ ಎಂದು ತಲೆಯೆತ್ತಿ ನೋಡಿದರೆ ಎದುರಿಗೆ ಬೋಳು ಕಂಬ. ಚಳಿಗೆ ಬರಿಯ ಹರಳೆಣ್ಣೆ ಜೋನಿಬೆಲ್ಲದ ಹಾಗೆ ಗಟ್ಟಿಯಾಗುತ್ತದೆ, ಒತ್ತಿದರೆ ಹೋಗುತ್ತದೆ, ಬಿಟ್ಟರೆ ವಾಪಸು ಬರುವುದಿಲ್ಲ ಎಂಬ ಶಾಸ್ತ್ರವನ್ನು ಲಕ್ಕಯ್ಯ ನನಗೆ ಹೇಳಿದ್ದು ಮಾರನೆಯ ದಿನ.

ಅಕ್ಕ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದಳು. "ನಿಂತ್ಯೇನೋ ತಮ್ಮಯ್ಯ" ಎಂದಳು, ಅಷ್ಟೇ. ಚೊಂಬಿನ ನೀರೆಲ್ಲ ಅವಳ ಸೀರೆಗೇ ಚೆಲ್ಲುತ್ತಿತ್ತು. ನಿಂತವನು ನಾನಲ್ಲ ಅಕ್ಕ, ಹರಳೆಣ್ಣೆ ಎಂದು ಹೇಳಬೇಕಾಗಿತ್ತು. ಆ ಮುಖ ನೋಡಿ ಹೇಳುವ ಧೈರ್ಯ ಯಾವ ತಮ್ಮನಿಗಿದೆ? ಇಳಿದೆ. ಭಾವನವರು ಕುರ್ಚಿಯಿಂದ ಎದ್ದು, ನನ್ನನ್ನು ನೋಡದೆ, ಸೊಂಟದಲ್ಲಿದ್ದ ರೈಲ್ವೆ ಗಡಿಯಾರ ತೆಗೆದು ನೋಡಿ, "ಹೊತ್ತು ಮುಳುಗ್ತಾ ಇದೆ, ಬೇಗ ಎಲೆ ಹಾಕು" ಎಂದು ಅಕ್ಕನಿಗೆ ಹೇಳಿದರು. ಹೊತ್ತು ಮುಳುಗುವ ಮೊದಲೇ ಮುಗಿಸಬೇಕೆಂದು ಗಬಗಬನೆ ಉಂಡೆವು. ಬಿಸಿ ಅನ್ನಕ್ಕೆ ಅಕ್ಕನ ಕೈಯಿಂದ ತುಪ್ಪ ಬಿದ್ದಾಗ, ಇಷ್ಟು ವರ್ಷ ಏರಿನ ಮೇಲೆ ಕೂತು ತಣ್ಣಗೆ ಉಂಡದ್ದೆಲ್ಲ ನೆನಪಾಯಿತು. ನೆಲುವಿನ ಮೇಲಿನ ಪಾತ್ರೆ ಇಳಿಸುವಾಗ ಅವಳ ಬಲಗೈ ಹೆಗಲಿಗಿಂತ ಮೇಲೆ ಏಳುವುದಿಲ್ಲ ಎಂಬುದನ್ನೂ ಅಲ್ಲಿಯೇ ಕಂಡೆ. ಕೈ ತೊಳೆದು ಜಗಲಿಗೆ ಬಂದಾಗ ಭಾವನವರು ಸರ್ವೆ ಕಂಬವನ್ನು ತಟ್ಟಿ, "ಕೆತ್ತೋನು ಸಿಕ್ಕಲಿಲ್ಲ" ಎಂದರು. "ಚನ್ನರಾಯಪಟ್ಟಣದಲ್ಲಿ ಒಬ್ಬ ಇದಾನೆ ಭಾವ" ಎಂದೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ತಾವು ನಿಟ್ಟುಸಿರಿನೊಂದಿಗೆ ಹಿಡಿತ ಸಡಿಲಿಸಿದಿರಿ, ನಾನು ಹೊರಟೆ.

ಈಗ ನನ್ನ ಅಕ್ಕ ಹೊಳೆನರಸೀಪುರದ ಮನೆಮನೆಗೂ ಹೋಗಿ, ತಮ್ಮ ತಾನಾಗಿ ನಿಂತ, ತಾನಾಗಿ ಇಳಿದ ಎಂದು ಹೇಳಿಕೊಂಡು ಬರುತ್ತಿದ್ದಾಳೆ. ಸಲ್ಲದ ಹೊಗಳಿಕೆ ನನಗೆ ಅರಗುವುದಿಲ್ಲ, ಸಲ್ಲುವವರು ತಾವು, ಅದಕ್ಕೇ ಈ ಬಹಿರಂಗ ಪತ್ರ. ಆದರೆ ಇದನ್ನು ಅಕ್ಕ ಓದಿಬಿಟ್ಟರೆ ನನ್ನ ಕಥೆ ಮುಗಿಯಿತು. ಆದ್ದರಿಂದ ಅಪಾರ ಶಕ್ತಿವಂತರಾದ ತಾವು, ಹಾಸನದಿಂದ ರೈಲಿನಲ್ಲಿ ಬರುವ ಈ ಪತ್ರಿಕೆಯ ಕಟ್ಟು ಹೊಳೆನರಸೀಪುರ ಸೇರದಂತೆ ಹೇಗಾದರೂ ದಾರಿಯಲ್ಲೇ ತಡೆದು ನಿಲ್ಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಜೊತೆಗೆ, ಬೇರೆಲ್ಲ ಕಡೆ ನಯವಾಗಿ ಹಿಡಿದು ನಯವಾಗಿ ಬಿಟ್ಟು, ಒಂದು ಮನೆಯ ಮುಂದೆ ಮಾತ್ರ ಬೇಸಿಗೆಯಲ್ಲೂ ಬೆಳಗಿನ ತನಕ ಕಚ್ಚಿಕೊಂಡಿರುವ ಅಭ್ಯಾಸ ಮಾಡಿಕೊಳ್ಳಬೇಕು; ನಾನು ನಿಲ್ಲಲು ಬಯಸುವ ಮೊದಲೇ ನನ್ನ ಬಯಕೆ ತಿಳಿದು ನಿಲ್ಲಬೇಕು; ಭಾವನವರ ಮೀಸೆ ಕಂಡಾಗ ನನ್ನ ಕಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇಷ್ಟು ಕೃಪೆ ಮಾಡಿದರೆ ಕೊಣನೂರಿನ ಹುಣಸೆ ಮರಕ್ಕೆ ಸಲ್ಲುವ ಪೂಜೆಯಲ್ಲಿ ಅರ್ಧವನ್ನು ತಮಗೆ ಬರೆಸಿಕೊಡಲು ಪ್ರಯತ್ನಿಸುವೆ.

ಹಣೆ ಮುಟ್ಟಿ ನೋಡಿಕೊಳ್ಳುತ್ತಾ, ಸದಾ ತಮ್ಮ ಮೇಲೆ ಒಂದು ಕಾಲಿಟ್ಟುಕೊಂಡೇ ಇರುವ

ತಮ್ಮ ವಿಶ್ವಾಸಿ,
ಜಿನದಾಸ
ಪಾತ್ರೆ ವ್ಯಾಪಾರಿ

ತಾ.ಕ.: ಈ ಪತ್ರ ಅಚ್ಚಿಗೆ ಹೋಗುವ ಮೊದಲು ಒಂದು ಸಂತೆ ಕಳೆಯಿತು. ಲಕ್ಕಯ್ಯ ಸ್ಪಿರಿಟ್ಟಿನ ಸೀಸೆ ತಂದು, ಇದು ಕುಡಿದರೆ ಸಾಯುವಂಥದ್ದು ಎಂದು ಆಣೆಯಿಟ್ಟು ಹೇಳಿದ ಮೇಲೆ, ಹಾಗಾದರೆ ಇದು ಮದ್ಯವಲ್ಲ, ವಿಷ, ವಿಷವನ್ನು ಬಿಡುತ್ತೇನೆಂದು ತಾನು ವ್ರತ ಹಿಡಿದಿಲ್ಲ ಎಂದು ನನ್ನ ತಾಯಿ ಒಪ್ಪಿಗೆ ಕೊಟ್ಟರು. ತಮ್ಮ ಎಣ್ಣೆ ಈಗ ತೆಳ್ಳಗಾಗಿದೆ. ತಾವು ಹಿಡಿದದ್ದನ್ನು ತಕ್ಷಣ ಬಿಡುತ್ತಿದ್ದೀರಿ. ಆದರೂ ಆ ಸಂತೆಯ ಸಂಜೆ ಅಕ್ಕನ ಮನೆಯ ಮುಂದೆ ತಾವು ಮತ್ತೆ ಕಚ್ಚಿಕೊಂಡಿರಿ ಎಂದು ನಾನು ಅವಳಿಗೆ ಹೇಳಿದೆ. ಸುಳ್ಳೆಂಬುದು ತಮಗೂ ನನಗೂ ಗೊತ್ತು. ಊಟವಾಗಿ ಕೈ ತೊಳೆಯುತ್ತಿದ್ದಾಗ ಕಂಡೆ: ಭಾವನವರು ಕಾರಿನ ಹತ್ತಿರ ಒಬ್ಬರೇ ನಿಂತು, ಒಂದು ಬೆರಳಿನಿಂದ ಅದನ್ನು ತಳ್ಳಿ ನೋಡಿದರು. ಕಾರು ಸುಲಭವಾಗಿ ಉರುಳಿತು. ಅವರು ಆಚೀಚೆ ನೋಡಿ, ದೊಡ್ಡದೊಂದು ಕಲ್ಲು ತಂದು ಚಕ್ರದ ಮುಂದೆ ಇಟ್ಟು, ಒಳಗೆ ಬಂದು, "ಬ್ರೇಕು ಇನ್ನೂ ಬಿಟ್ಟಿಲ್ಲ ಕಣೆ, ಬೆಳಿಗ್ಗೆ ನೋಡೋಣ, ಅವನಿಗೆ ಹಾಸಿಗೆ ಹಾಸು" ಎಂದು ಅಕ್ಕನಿಗೆ ಹೇಳಿದರು. ಪತ್ರಿಕೆಯ ಕಟ್ಟಿನ ಚಿಂತೆಯೂ ಇನ್ನು ತಮಗೆ ಬೇಡ. ಅದು ಇಳಿಯುವುದು ಭಾವನವರ ಸ್ಟೇಷನ್ನಿನಲ್ಲೇ, ತಡೆದು ನಿಲ್ಲಿಸುವುದು ಅವರಿಗೆ ಗೊತ್ತು. ತಾವು ಜಂಭಪಡಬಾರದೆಂದು ಕೊನೆಗೊಂದು ಮಾತು: ಆ ಕಲ್ಲಿಗೆ ಎಣ್ಣೆ ಬೇಕಾಗಿಲ್ಲ.